ಮೂರು ಊರಿಗೊಂದು ಹುಡುಗರ ಕಮಿಟಿ

ಹತ್ತು ಹನ್ನೊಂದು ವರ್ಷದ ಹುಡುಗನೊಬ್ಬನನ್ನು ಎದುರಿಗೆ ನಿಲ್ಲಿಸಿಕೊಂಡು ನಾಲ್ಕು ಮಂದಿ ದೊಡ್ಡವರು ವಿಚಾರಣೆಗೆ ಕೂತರೆ ಏನಾದರೊಂದು ಆಗಿಯೇ ತೀರುತ್ತದೆ. ಈ ವಾರ ಆಗಲಿಲ್ಲವೆಂದರೆ ಬರುವ ವಾರ ಎರಡು ಆಗುತ್ತವೆ. ಅಂಥ ಕಮಿಟಿಯೊಂದರಲ್ಲಿ ಆರು ವರ್ಷ ಕೂತು ಎದ್ದವಳು ನಾನು. ಸೆರಗು ಬಾಯಿಗೆ ಒತ್ತಿಕೊಂಡು ನಗು ತಡೆದದ್ದೇ ಹೆಚ್ಚು.

ಆಗ ನಮ್ಮ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಎಲ್ಲ ಮುಂಬೈ ಸರಕಾರದ ಕೆಳಗೆ ಇದ್ದವು. ಸಣ್ಣ ಹುಡುಗರು ಕಳವು ಮಾಡಿ ಸಿಕ್ಕರೆ ದೊಡ್ಡ ಕಳ್ಳರ ಸಂಗಡ ಕೂಡಿಹಾಕಬಾರದು, ಊರಿನ ನಾಲ್ಕು ಮಂದಿ ಕೂತು ವಿಚಾರಿಸಿ ದಾರಿಗೆ ಹಚ್ಚಬೇಕು, ಹಿಡಿದು ತಂದ ಹುಡುಗರನ್ನು ಪೊಲೀಸರು ಹೇಗೆ ನೋಡಿಕೊಳ್ಳುತ್ತಾರೆ ಅನ್ನುವುದನ್ನೂ ಅವರೇ ತಪಾಸು ಮಾಡಬೇಕು ಅಂತ ಮೇಲಿನಿಂದ ಹುಕುಂ ಬಂತು. ಅದರ ಕಡೆಯ ಸಾಲಿನಲ್ಲಿ, ಸದಸ್ಯರ ಪೈಕಿ ಒಬ್ಬರಾದರೂ ಮರ್ಯಾದಸ್ಥ ಹೆಂಗಸು ಇರತಕ್ಕದ್ದು ಅಂತ ಬರೆದಿತ್ತು.

ಮರ್ಯಾದಸ್ಥ ಗಂಡಸರು ಲಗೂನೆ ಸಿಕ್ಕರು. ಮಾಮಲೇದಾರಿಕೆ ಮಾಡಿ ನಿವೃತ್ತರಾಗಿ ಹಾವೇರಿಯಲ್ಲಿದ್ದ ರಾವಸಾಹೇಬರು ಅಧ್ಯಕ್ಷರಾದರು. ರಾಣೆಬೆನ್ನೂರಿನಿಂದ ಒಬ್ಬ ವಕೀಲರು, ಬ್ಯಾಡಗಿಯಿಂದ ಒಬ್ಬ ಮೆಣಸಿನಕಾಯಿ ಸಾವಕಾರರು ಸೇರಿದರು. ಹೆಂಗಸು ಮಾತ್ರ ಸಿಗಲಿಲ್ಲ. ಮೂವರೂ ತಂತಮ್ಮ ಮನೆಯಲ್ಲಿ ಕೇಳಿದರಂತೆ. ಮೂರೂ ಮನೆಯಿಂದ ಒಂದೇ ಉತ್ತರ ಬಂತಂತೆ: "ಮನ್ಯಾಗಿನ ಹುಡುಗರನ್ನ ವಿಚಾರಿಸೂದರಾಗನ ಸಾಕಾಗೇದ." ಕಡೆಗೆ ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸುವ ಅಕ್ಕೋರಾಗಿದ್ದ ನನ್ನ ಹೆಸರು ಬರೆದು ಕಳಿಸಿದರು. ನನ್ನನ್ನು ಯಾರೂ ಕೇಳಲಿಲ್ಲ. ಪೋಸ್ಟಿನಲ್ಲಿ ಕಾಗದ ಬಂದಾಗಲೇ ನಾನು ಮರ್ಯಾದಸ್ಥಳು ಅಂತ ನನಗೆ ಗೊತ್ತಾದದ್ದು.

ಮೊದಲನೆಯ ಆರೋಪಿ

ಮೊದಲ ಸಭೆ ಹಾವೇರಿಯಲ್ಲಿ, ಹಳೆಯ ಧರ್ಮಶಾಲೆಯ ಒಂದು ಕೋಣೆಯಲ್ಲಿ. ಚಹಾದ ಅಂಗಡಿಯಿಂದ ಹುಡುಗನೊಬ್ಬ ಹಿತ್ತಾಳೆ ತಂಬಿಗೆ ಎತ್ತಿಕೊಂಡು ಹೋದನೆಂಬ ಫಿರ್ಯಾದಿ. ತಪ್ಪು ಸಾಬೀತಾಗಿ, ಹುಡುಗ ಹಟ ಹಿಡಿದರೆ ಅವನನ್ನು ದೂರದ ಸುಧಾರಣಾ ಸಾಲೆಗೆ ಎರಡು ಮೂರು ವರ್ಷ ಕಳಿಸಬೇಕಾಗುತ್ತಿತ್ತು. ಹೆತ್ತವರಿಂದ ಕೂಸನ್ನು ಬಿಡಿಸುವ ಕಾಗದಕ್ಕೆ ಸಹಿ ಹಾಕುವ ಕೈ ನಮ್ಮದೇ.

ಹವಾಲ್ದಾರ ಒಬ್ಬ ಹುಡುಗನನ್ನು ಒಳಗೆ ತಂದು ನಿಲ್ಲಿಸಿದ. ನೋಡಿದರೆ ಒಂದು ಹಿಡಿ ಹುಡುಗ. ರಾವಸಾಹೇಬರು ವಕೀಲರ ಕಡೆ ನೋಡಿ, "ಮೊದಲು ನೀವು ಒಂದೆರಡು ಮಾತು ಹೇಳ್ರಿ" ಅಂದರು.

ನಮ್ಮ ವಕೀಲರಿಗೆ ಒಂದೆರಡು ಮಾತು ಹೇಳಲು ಬರುತ್ತಲೇ ಇರಲಿಲ್ಲ. ಎದ್ದು ನಿಂತು ಅಂಗಿಯ ತೋಳು ಸರಿಮಾಡಿಕೊಂಡು ಶುರು ಮಾಡಿದವರು ಅರ್ಧ ತಾಸು ಹೇಳಿದರು. ಹೆತ್ತ ತಾಯಿಯ ಹೊಟ್ಟೆ ಹೇಗೆ ಉರಿಯುತ್ತದೆ, ಚಹಾದ ಅಂಗಡಿಯವನು ತಂಬಿಗೆ ಇಲ್ಲದೆ ಹೇಗೆ ಪರದಾಡುತ್ತಾನೆ, ಇವತ್ತು ತಂಬಿಗೆ ನಾಳೆ ಕೊಡ, ನಾಡಿದ್ದು ಹಂಡೆ. ಹಂಡೆಗೆ ಬರುವ ಹೊತ್ತಿಗೆ ಹುಡುಗ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ನನ್ನ ಕಣ್ಣಲ್ಲೂ ನೀರು.

"ಇನ್ನ ಮುಂದ ಕದೀತೀಯೇನೋ?" ಅಂದರು ವಕೀಲರು.

"ಕದಿಯೂದಿಲ್ರೀ."

"ಶಾಣ್ಯಾ. ಈಗ ಹೇಳು, ತಂಬಿಗಿ ಎಲ್ಲಿಟ್ಟೀದಿ?"

"ನನಗೇನ ಗೊತ್ರೀ? ಹೊರಗ ಕಟ್ಟೀ ಮ್ಯಾಲೆ ಕುಂತಾನಲ್ರೀ, ಅವನ್ನ ಕೇಳ್ರಿ. ಕದ್ದಂವ ಅಂವಾ. ನಾ ನೋಡಿದಂವ. ನಾ ಸಾಕ್ಷಿರೀ."

ರಾವಸಾಹೇಬರು ಹವಾಲ್ದಾರನನ್ನು ನೋಡಿದರು. ಹವಾಲ್ದಾರ ಗೋಡೆ ನೋಡಿದ. ವಕೀಲರು ಮೆಲ್ಲಗೆ ಕೇಳಿದರು, "ಮತ್ತ ಇಷ್ಟೊತ್ತು ಯಾಕ ಅಳ್ಳಿಕ್ಕತ್ತಿದ್ದಿ?"

"ನೀವು ಅಷ್ಟ ಚಲೋ ಹೇಳಾಕತ್ತಿದ್ರಿ. ಕೇಳಿ ಕೇಳಿ ನಾನ ಕದ್ದಿರಬೇಕು ಅನಸ್ತರೀ."

ಹವಾಲ್ದಾರ ಖರೇ ಆರೋಪಿಯನ್ನು ಕರೆಯಲು ಹೊರಗೆ ಓಡಿದ. ಕಟ್ಟೆಯ ಮೇಲೆ ಯಾರೂ ಇಲ್ಲ. ಮೊದಲನೆಯ ದಿನವೇ ಆರೋಪಿ ಪರಾರಿ ಅಂತ ಬರೆಯಬೇಕಲ್ಲ ಅಂತ ನಮ್ಮ ಮುಖ ಸಪ್ಪಗಾಯಿತು. ಅಷ್ಟರಲ್ಲಿ ಊರ ಅಗಸಿಬಾಗಿಲ ಕಡೆಯಿಂದ ಒಬ್ಬ ಹುಡುಗ ಏದುಸಿರು ಬಿಡುತ್ತ ಓಡಿಬಂದು ತಂಬಿಗೆಯನ್ನು ಮೇಜಿನ ಮೇಲೆ ಇಟ್ಟ. ವಕೀಲರು ಎದ್ದು ಮತ್ತೆ ತೋಳು ಸರಿಮಾಡಿಕೊಂಡರು.

ಹುಡುಗ ಎರಡೂ ಕೈ ಮುಗಿದ. "ಕಿಡಕ್ಯಾಗಿಂದ ಎಲ್ಲಾ ಕೇಳಿಸೇತ್ರೀ. ಅದಕ್ಕ ಮನೀಗ ಹೋಗಿ ತಂಬಿಗಿ ತಂದೇನಿ. ತಗೋರಿ, ಆದ್ರ ಮತ್ತ ಮೊದಲಿಂದ ಹೇಳಬ್ಯಾಡ್ರೀ!"

ಕಣ್ಣೀರಿನ ಮುದ್ದೇಮಾಲು

ಎರಡನೆಯ ಸಭೆ ಬ್ಯಾಡಗಿಯಲ್ಲಿ, ನಮ್ಮ ಸಾವಕಾರರ ಅಡತಿ ಅಂಗಡಿಯ ಹಿಂದಿನ ಕೋಣೆಯಲ್ಲಿ. ಫಿರ್ಯಾದಿ ಕೊಟ್ಟವನೂ ಅವರ ಗುಮಾಸ್ತನೇ. ಹನ್ನೊಂದು ವರ್ಷದ ಹುಡುಗನೊಬ್ಬ ಅಂಗಡಿಯ ಹಿಂದಿನ ಓಣಿಯಲ್ಲಿ ಒಂದು ಚೀಲ ಮೆಣಸಿನಕಾಯಿ ಹೊತ್ತುಕೊಂಡು ಹೋಗುತ್ತಿದ್ದನಂತೆ. "ನಮ್ಮ ಹಿತ್ತಲದಾಗ ಬೆಳದಾವರೀ" ಅಂತ ಹುಡುಗ ಹೇಳುತ್ತಿದ್ದ. ಹಿಂದೊಮ್ಮೆ ಯಾರದೋ ಹೊಲದಲ್ಲಿ ಶೇಂಗಾ ಕಿತ್ತು ಸಿಕ್ಕಿದ್ದ ಹುಡುಗ. ಈ ಸಲ ಉಳಿಯುವುದಿಲ್ಲ ಅಂತ ಎಲ್ಲರಿಗೂ ಅನ್ನಿಸಿತ್ತು. ಅವನ ತಾಯಿ ಹೊರಗೆ ಬಾಗಿಲ ಬದಿ ಕೂತು ದೇವರಿಗೆಲ್ಲ ಹರಕೆ ಹೊರುತ್ತಿದ್ದಳು.

"ಮುದ್ದೇಮಾಲು ತೋರಸ್ರಿ" ಅಂದರು ರಾವಸಾಹೇಬರು. ಸಿಕ್ಕ ಮಾಲನ್ನು ಸಭೆಗೆ ತೋರಿಸಬೇಕೆಂಬ ನಿಯಮ. ಹವಾಲ್ದಾರ ಎಲ್ಲದರಲ್ಲೂ ಜೋರಿನ ಮನುಷ್ಯ. ಚೀಲವನ್ನು ಬೋರಲು ಹಾಕಿ, ಕಡೆಯ ಕಾಯಿಯೂ ಬೀಳಲಿ ಅಂತ ಎರಡು ಸಲ ಝಾಡಿಸಿದ.

ಕಿಡಕಿ ಮುಚ್ಚಿತ್ತು. ಕೆಂಪು ಧೂಳು ಮೊದಲು ರಾವಸಾಹೇಬರನ್ನು ಹಿಡಿಯಿತು. ಒಂದರ ಮೇಲೊಂದು ಸೀನು, ತಲೆಯ ಮೇಲಿನ ರುಮಾಲು ಜಾರಿ ಮೂಗಿನ ತನಕ ಬಂತು. ವಕೀಲರು "ಇದು ಕಾಯದೇ ಪ್ರಕಾರ..." ಅಂತ ಶುರು ಮಾಡಿ ಕೆಮ್ಮಿದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಹವಾಲ್ದಾರ ಕಾಯಿ ಮುಟ್ಟಿದ ಕೈಯಿಂದಲೇ ಕಣ್ಣೊರೆಸಿಕೊಂಡು ಗೋಳೋ ಅಂದ. ಆರೋಪಿಯೂ ಅತ್ತ, ಗುಮಾಸ್ತನೂ ಅತ್ತ.

ಒಳಗಿನ ಅಳು ಕೇಳಿ ತಾಯಿ ಬಾಗಿಲು ನೂಕಿ ಇಣುಕಿದಳು. ನಮ್ಮೆಲ್ಲರ ಮುಖ ನೋಡಿದವಳೇ ಎದೆ ಬಡಿದುಕೊಂಡಳು: "ಯಪ್ಪಾ, ನನ್ನ ಮಗಗ ಎಂಥಾ ಶಿಕ್ಷಾ ಕೊಟ್ರೋ, ಕೊಟ್ಟವರ ಅಳಾಕತ್ತಾರಲ್ಲೋ!"

ನಮ್ಮೊಳಗೆ ಒಣಗಿದ ಕಣ್ಣಿನವರು ಒಬ್ಬರೇ, ಸಾವಕಾರರು. ಮೂವತ್ತು ವರ್ಷ ಆ ಧೂಳಿನಲ್ಲೇ ಉಂಡು ಮಲಗಿದ ಮನುಷ್ಯ. ಸುಮ್ಮನೆ ಒಂದು ಕಾಯಿ ಎತ್ತಿಕೊಂಡು ಮುರಿದರು, ಮೂಸಿದರು, ಕಿಡಕಿ ತೆಗೆಸಿ ಬೆಳಕಿಗೆ ಹಿಡಿದರು. ಆಮೇಲೆ ಗುಮಾಸ್ತನ ಕಡೆ ತಿರುಗಿದರು.

"ಇದು ನಮ್ಮ ಮಾಲು ಅಲ್ಲೋ."

"ಹಂಗಂದ್ರ ಹೆಂಗ್ರೀ ಸಾವಕಾರ್ರ? ನಮ್ಮ ಅಂಗಡಿ ಹಿಂದನ..."

"ಅಂಗಡಿ ಹಿಂದ ಸಿಕ್ರ ಅಂಗಡೀದು ಆಗೂದಿಲ್ಲ. ಬ್ಯಾಡಗಿ ಕಾಯಿ ಅಂದ್ರ ಬಣ್ಣ, ಮೈತುಂಬ ಸುಕ್ಕು. ಖಾರ ಎಷ್ಟು ಬೇಕೋ ಅಷ್ಟ. ಇದನ್ನ ನೋಡು, ಮೈಮ್ಯಾಲೆ ಒಂದು ಸುಕ್ಕಿಲ್ಲ, ಬರೇ ಉರಿ. ನಮ್ಮ ಕಾಯಿ ಆಗಿದ್ರ ಇಷ್ಟ ದೊಡ್ಡ ಮಂದಿ ಹಿಂಗ ಅಳತಿದ್ದಿಲ್ಲ. ಹತ್ತು ವರ್ಷ ನನ್ನ ಅಂಗಡ್ಯಾಗ ಕುಂತಿ, ಇಷ್ಟು ತಿಳೀಲಿಲ್ಲೇನು?"

ಹುಡುಗನ ತಾಯಿ ಕಣ್ಣೊರೆಸಿಕೊಂಡು, "ನಾ ಅವಾಗಿಂದ ಅದನ್ನ ಹೇಳಾಕತ್ತೇನ್ರೀ, ನನ್ನ ಹಿತ್ತಲದ ಕಾಯಿ ಯಾರಿಗೂ ಆಗಿಬರೂದಿಲ್ಲ" ಅಂದಳು. ಸಹಿ ಹಾಕುವ ಕೆಲಸ ತಪ್ಪಿತು.

ರಾವಸಾಹೇಬರು ಒಂದು ಕಣ್ಣು ಮುಚ್ಚಿಕೊಂಡೇ ತೀರ್ಪು ಹೇಳಿ ಬರೆಸಿದರು: "ಕಮಿಟಿಯ ಸರ್ವ ಸದಸ್ಯರೂ ಅತ್ತದ್ದರಿಂದ, ಸದರಿ ಕಾಯಿಗಳು ಬ್ಯಾಡಗಿಯವಲ್ಲವೆಂದು ಸಿದ್ಧವಾಗಿ, ಹುಡುಗನನ್ನು ಬಿಡಲಾಗಿದೆ."

ಸಾವಕಾರರು ತಟ್ಟನೆ ಕೈ ಎತ್ತಿದರು. "ನನ್ನನ್ನ ಬಿಟ್ಟು ಸರ್ವ ಸದಸ್ಯರು ಅಂತ ಬರಸ್ರಿ, ರಾವಸಾಹೇಬ್ರ. ನಾಳೆ ನಾನು ಪ್ಯಾಟ್ಯಾಗ ತಿರುಗಾಡಬೇಕು."

ಅಪ್ಪನ ಹೆಸರು

ಇದು ರಾಣೆಬೆನ್ನೂರಿನ ಸಂಗತಿ. ತಿಕೀಟಿಲ್ಲದೆ ಗಾಡಿಯಿಂದ ಇಳಿದ ಹುಡುಗನೊಬ್ಬನನ್ನು ಸ್ಟೇಷನ್ನಿನವರು ಹಿಡಿದು ಅಪ್ಪನ ಹೆಸರು ಕೇಳಿದರು. ಹುಡುಗ ಒಂದು ಕ್ಷಣ ಕೂಡ ಯೋಚಿಸದೆ ನಮ್ಮ ವಕೀಲರ ಹೆಸರು ಹೇಳಿದ.

ವಕೀಲರಿಗೆ ಐದು ಹೆಣ್ಣುಮಕ್ಕಳು. ಗಂಡು ಮೊಮ್ಮಗನ ಮುಖ ನೋಡಬೇಕೆಂದು ಅವರ ತಾಯಿ ಮಾಡದ ವ್ರತವಿಲ್ಲ. ಅಂಥ ಮನೆಗೆ ಸ್ಟೇಷನ್ನಿನ ಹಮಾಲ ಹುಡುಗನ ಕೈ ಹಿಡಿದು ಕರೆತಂದು, "ವಕೀಲ್ರ ಮಗಾ ಸಿಕ್ಕಾನ್ರೀ, ತಗೋರಿ" ಅಂತ ಹೇಳಿ ಹೋಗಿಬಿಟ್ಟ. ವಕೀಲರು ನಮ್ಮ ಸಂಗಡ ಹಾವೇರಿಯ ಸಭೆಯಲ್ಲಿದ್ದರು, ಪಾಪ.

ಸಂಜೆಯ ಗಾಡಿಗೆ ಅವರು ಮನೆಗೆ ಹೋದಾಗ ಹುಡುಗ ಎಣ್ಣೆ ಹಚ್ಚಿಸಿಕೊಂಡು ಎರೆದುಕೊಂಡು, ಮುದುಕಿಯ ತೊಡೆಗೆ ಒರಗಿ ಹೋಳಿಗೆ ತಿನ್ನುತ್ತಿದ್ದ. ಮುದುಕಿ ಮಗನನ್ನು ನೋಡಿ, "ಏನ ಆಗಿದ್ದರೂ ಇರಲಿಪಾ, ನಾ ಏನೂ ಕೇಳೂದಿಲ್ಲ. ವಂಶಕ್ಕ ಒಂದು ಗಂಡು ಬಂತಲ್ಲ" ಅಂದರು. ಹೆಂಡತಿಯೂ ಏನೂ ಕೇಳಲಿಲ್ಲ. ಊಟಕ್ಕೆ ಬಡಿಸುವಾಗ ತುಪ್ಪದ ಗಿಂಡಿ ಮಾತ್ರ ವಕೀಲರ ಎಲೆಯ ಹತ್ತಿರ ಬರಲಿಲ್ಲ.

ಮರುದಿನ ವಕೀಲರು ಮೊದಲ ಗಾಡಿಗೆ ಹಾವೇರಿಗೆ ಬಂದು ನಮ್ಮ ಮನೆಯ ಕಟ್ಟೆಯ ಮೇಲೆ ಕೂತುಬಿಟ್ಟರು. ಸಾವಿರ ಮಂದಿಯ ಮುಂದೆ ಮಾತಾಡುವ ಮನುಷ್ಯ ಪಿಸುಮಾತಿನಲ್ಲಿ ಹೇಳಿದರು:

"ಅಕ್ಕೋರ, ನಾ ಹೇಳಿದ್ದು ಮನ್ಯಾಗ ಯಾರೂ ನಂಬವಲ್ರು. ಹೇಳಿದಷ್ಟೂ ಸಂಶೇ ಹೆಚ್ಚಾಗಲಿಕ್ಕತ್ತದ. ನೀವರೆ ಬಂದು ಆ ಹುಡುಗನ್ನ ವಿಚಾರಸ್ರಿ."

ನಾನು ಹೋದೆ. ಹುಡುಗನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಹೊಡೆಯುವುದಿಲ್ಲ ಬೈಯುವುದಿಲ್ಲ ಅಂತ ಮಾತು ಕೊಟ್ಟ ಮೇಲೆ ಅವನು ಬಾಯಿ ಬಿಟ್ಟ. ಹರಿಹರದ ಕಡೆಯ ಹಳ್ಳಿಯವನು. ರೈಲುಗಾಡಿ ಹತ್ತಿ ನೋಡುವ ಆಸೆಗೆ ಮನೆಯಲ್ಲಿ ಹೇಳದೆ ಬಂದಿದ್ದ.

"ವಕೀಲರ ಹೆಸರು ಯಾಕ ಹೇಳಿದ್ಯೋ?"

"ಗಾಡ್ಯಾಗ ಒಬ್ಬರು ಮಾತಾಡಾಕತ್ತಿದ್ರು ರೀ. ರಾಣೆಬೆನ್ನೂರಾಗ ಏನರ ತೊಡಕು ಬಂದ್ರ ಈ ವಕೀಲರ ಹೆಸರು ಹೇಳಬೇಕು, ಅವರು ಬಿಡಿಸ್ತಾರ ಅಂತ. ಅದಕ್ಕ ಹೇಳಿದೆ."

ಇದನ್ನು ಒಳಗೆ ಹೋಗಿ ಹೇಳಿದೆ. ವಕೀಲರ ಹೆಂಡತಿ, "ನೀವೂ ಅದ ಕಮಿಟ್ಯಾಗ ಇದ್ದವರಲ್ರೀ" ಅಂದರು. ತುಪ್ಪ ಬರಲಿಲ್ಲ.

ಹುಡುಗನ ಊರಿಗೆ ತಂತಿ ಹೋಯಿತು. ಮೂರನೆಯ ದಿನ ಅವನ ಅಪ್ಪ ಬಂದ. ಮನೆಯವರೆಲ್ಲ ಪಡಸಾಲೆಗೆ ಬಂದು ನಿಂತರು. ಅಪ್ಪ ರುಮಾಲು ತೆಗೆದ. ತಲೆಯ ಎರಡೂ ಕಡೆ ಮೊರದಂಥ ಕಿವಿ. ಹುಡುಗನ ಕಿವಿಯೂ ತದ್ರೂಪ ಹಾಗೇ. ವಕೀಲರ ಹೆಂಡತಿ ದೊಡ್ಡ ಕಿವಿ ನೋಡಿದರು, ಸಣ್ಣ ಕಿವಿ ನೋಡಿದರು, ಗಂಡನ ಕಿವಿಯನ್ನೂ ಒಮ್ಮೆ ನೋಡಿದರು. ಸೀದಾ ಒಳಗೆ ಹೋಗಿ ತುಪ್ಪ ಕಾಯಿಸಲು ಇಟ್ಟರು. ವಕೀಲರು ಗೋಡೆಗೆ ಒರಗಿ ಬಿಟ್ಟ ಉಸಿರು ನನಗೆ ಹೊಸ್ತಿಲ ತನಕ ಕೇಳಿಸಿತು.

ನಾವು ಹುಡುಗನಿಗೆ ಬುದ್ಧಿ ಹೇಳಿ, ಇನ್ನು ಮುಂದೆ ತಿಕೀಟಿಲ್ಲದೆ ಗಾಡಿ ಹತ್ತುವುದಿಲ್ಲ ಅಂತ ಅನ್ನಿಸಿ, ಅಪ್ಪನ ಕೈಗೆ ಒಪ್ಪಿಸಿದೆವು. ಎಲ್ಲ ಮುಗಿದ ಮೇಲೆ ಮುದುಕಿ ಹುಡುಗನನ್ನು ಹತ್ತಿರ ಎಳೆದು, ಕಿಸೆಗೆ ಹೋಳಿಗೆ ತುರುಕುತ್ತ ಮೆಲ್ಲಗೆ ಅಂದರು: "ಅವರು ಹೇಳತಾರ, ನೀ ಮನಸಿಗೆ ಹಚ್ಚಿಕೋಬ್ಯಾಡ. ತಿಕೀಟ ಇಲ್ಲದಿದ್ರೂ ಬಾ. ಯಾರರೆ ಕೇಳಿದ್ರ ನನ್ನ ಮಗನ ಹೆಸರು ಹೇಳು."

ಸೋಮವಾರದ ಹಾಜರಿ

ಹಾವೇರಿ ಹತ್ತಿರದ ಅಗಡಿ ಅನ್ನುವ ಊರಿನ ಹುಡುಗನೊಬ್ಬ ಸಾಲೆ ತಪ್ಪಿಸಿ ದಿನವಿಡೀ ಹುಣಸೆಗಿಡದ ಕೆಳಗೆ ಇಸ್ಪೀಟು ಆಡುತ್ತಿದ್ದ. ಅಪ್ಪ ಬಂದು ಜಾಮೀನು ನಿಂತರೆ ಬಿಡುವುದೆಂದು ನಿರ್ಧಾರವಾಯಿತು. ಅಪ್ಪ ಬಂದ, ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡ. ಕಾಗದದ ಮೇಲೆ ಒತ್ತಬೇಕು, ಅಷ್ಟರಲ್ಲಿ ತಾಯಿ ಮುಂದೆ ಬಂದಳು.

"ರಾವಸಾಹೇಬ್ರ, ಇವನ್ನ ಜಾಮೀನು ತಗೋತೀರೇನು? ಹುಡುಗಗ ಇಸ್ಪೀಟ ಎಲಿ ಹಿಡಿಯೂದು ಕಲಿಸಿದಂವ ಇಂವನರೀ. ಬಿಡೂದಾದ್ರ ಹುಡುಗನ್ನ ಬಿಡ್ರಿ, ಇವನ್ನ ಇಟ್ಟಗೋರಿ."

ಅಪ್ಪನ ಹೆಬ್ಬೆಟ್ಟು ಗಾಳಿಯಲ್ಲೇ ನಿಂತಿತು. ಕಾಯದೆ ಬರೀ ಹುಡುಗರದ್ದು, ಅಪ್ಪಂದಿರ ಮೇಲೆ ನಮಗೆ ಅಧಿಕಾರವಿಲ್ಲ ಅಂತ ವಕೀಲರು ಅಂದರು. ರಾವಸಾಹೇಬರು ಮೀಸೆ ತಿರುವಿ, "ಹುಡುಗ ಪ್ರತಿ ಸೋಮವಾರ ಹಾಜರಿ ಕೊಡಬೇಕು. ಅವನ್ನ ಕರಕೊಂಡು ಅಪ್ಪನೂ ಬರಬೇಕು. ವಾರದಾಗ ಯಾರು ಎಷ್ಟು ಸಲ ಆಡಿದ್ರು, ಇಬ್ಬರೂ ಖರೇ ಹೇಳಬೇಕು" ಅಂದರು.

ಇಬ್ಬರೂ ಅಗಡಿಯಿಂದ ನಡೆದುಕೊಂಡೇ ಬರುತ್ತಿದ್ದರು. ಮೊದಲ ಎರಡು ಸೋಮವಾರ ಅಪ್ಪ ಮಗನ ಬಗ್ಗೆ ಹೇಳಿದ, ಮಗ ತಲೆ ತಗ್ಗಿಸಿ ನಿಂತ. ಮೂರನೆಯ ಸೋಮವಾರ ಮಗ ಮುಂದೆ, ಅಪ್ಪ ಹಿಂದೆ. ಹುಡುಗನ ಬಗಲಲ್ಲಿ ಬರೆಯುವ ಪಾಟಿ, ಮುಖದ ಮೇಲೆ ಯಜಮಾನಿಕೆ.

"ನಾ ಈ ವಾರ ಒಮ್ಮೀನೂ ಆಡಿಲ್ರೀ, ಸಾಲಿಗೆ ದಿನಾ ಹೋಗೇನಿ" ಅಂದ. ಆಮೇಲೆ ಹಿಂದೆ ತಿರುಗಿ ಒಮ್ಮೆ ನೋಡಿ, ದನಿ ತಗ್ಗಿಸಿ, "ಅಪ್ಪ ಒಂದ ಸಲ ಆಡ್ಯಾನ್ರೀ. ಆದ್ರ ಈ ಸಲ ಬೈಬ್ಯಾಡ್ರಿ, ನಾ ಬುದ್ಧಿ ಹೇಳೇನಿ. ಸುಧಾರಿಸಾಕತ್ತಾನ" ಅಂದ.

ಗರಡಿ

ಹುಡುಗರು ಕೆಟ್ಟ ಮೇಲೆ ವಿಚಾರಿಸುವುದಕ್ಕಿಂತ ಕೆಡದ ಹಾಗೆ ನೋಡಿಕೊಳ್ಳಬೇಕು ಅಂತ ರಾವಸಾಹೇಬರ ಮನಸ್ಸಿಗೆ ಬಂತು. ಹಾವೇರಿಯಲ್ಲಿ ಅವರ ಮನೆಯ ಹಿಂದೆ ಪೇರಲ ತೋಟ. ಓಣಿಯ ಹುಡುಗರು ಅದರ ಗೋಡೆ ಹತ್ತಲು ನೋಡಿ, ಹತ್ತಲಾರದೆ ಬಿದ್ದು ಮೊಣಕಾಲು ಕೆತ್ತಿಕೊಳ್ಳುತ್ತಿದ್ದರು. "ಕೈಗೆ ಕೆಲಸ ಇಲ್ಲದಕ್ಕ ಹಿಂಗ ಮಾಡ್ತಾರ" ಅಂತ ರಾವಸಾಹೇಬರು ತಾವೇ ಜಾಗ ಕೊಟ್ಟು, ಕೆಮ್ಮಣ್ಣು ಹಾಕಿಸಿ, ಒಬ್ಬ ಉಸ್ತಾದನನ್ನು ಇಟ್ಟು ಗರಡಿ ಶುರು ಮಾಡಿದರು. ಹುಡುಗರು ಬಂದರು. ದಿನಾ ಬೆಳಿಗ್ಗೆ ಬೈಠಕ್ಕು, ದಂಡ, ಮಲ್ಲಕಂಬ. ಆರು ತಿಂಗಳಲ್ಲಿ ಓಣಿಯಿಂದ ಒಂದೂ ಫಿರ್ಯಾದಿ ಬರಲಿಲ್ಲ. ರಾವಸಾಹೇಬರು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದರು.

ಪೇರಲ ಹಣ್ಣಿನ ಕಾಲ ಬಂತು. ಒಂದು ಮುಂಜಾನೆ ತೋಟಕ್ಕೆ ಹೋಗಿ ನೋಡಿದರೆ ಗಿಡದಲ್ಲಿ ಎಲೆ ಮಾತ್ರ. ಗೋಡೆಯ ಮೇಲೆ ಸಾಲಾಗಿ ಕೆಮ್ಮಣ್ಣಿನ ಪಾದದ ಗುರುತು. ಉಸ್ತಾದನನ್ನು ಕರೆಸಿ ತೋರಿಸಿದರು. ಅವನು ಗೋಡೆಯನ್ನು ಕೆಳಗಿನಿಂದ ಮೇಲಿನ ತನಕ ನೋಡಿ, ಸಂತೋಷ ತಡೆಯಲಾರದೆ ಅಂದ:

"ಯಾರೂ ಬಿದ್ದಿಲ್ರೀ ರಾವಸಾಹೇಬ್ರ! ಒಬ್ಬನರ ಜಾರಿದ ಗುರ್ತು ಇಲ್ಲ ನೋಡ್ರಿ!"

ಚಿಲಕ

ಕಡೆಯದನ್ನು ಹೇಳಿ ಮುಗಿಸುತ್ತೇನೆ. ಇದು ನೆನಪಾದರೆ ಈಗಲೂ ಒಬ್ಬಳೇ ಕೂತು ನಗುತ್ತೇನೆ.

ವಿಚಾರಣೆ ಮುಗಿಯುವ ತನಕ ಹುಡುಗರನ್ನು ಇರಿಸಲು ಹಾವೇರಿಯಲ್ಲಿ ಒಂದು ಹಳೆಯ ಮನೆ ಗೊತ್ತುಮಾಡಿದ್ದೆವು. ನಡುವೆ ಅಂಗಳ, ಅಂಗಳದಲ್ಲಿ ಬಾವಿ, ಹಿಂದೆ ಒಂದು ಕೋಣೆ. ವಯಸ್ಸಾದ ಒಬ್ಬ ಕಾವಲುಗಾರ. ಆಗ ಅಲ್ಲಿ ನಾಲ್ಕು ಹುಡುಗರಿದ್ದರು. ಯುದ್ಧದ ದಿನಗಳು. ಈ ಮನೆಗೆ ಬಂದೋಬಸ್ತು ಸಾಲದು, ಒಬ್ಬ ಹುಡುಗ ಓಡಿಹೋದರೂ ಮನೆ ಮುಚ್ಚಿಸಿ ಎಲ್ಲರನ್ನೂ ಪೊಲೀಸ್ ಕೋಣೆಗೆ ಕಳಿಸಲಾಗುವುದು ಅಂತ ಮೇಲಿನಿಂದ ಕಾಗದ ಬಂದಿತ್ತು. ರಾವಸಾಹೇಬರು ಹೆದರಿಬಿಟ್ಟರು. ಕಾವಲುಗಾರನ ಮುಂದೆ ಹುಡುಗರನ್ನು ಸಾಲಾಗಿ ನಿಲ್ಲಿಸಿ ಕಟ್ಟಪ್ಪಣೆ ಮಾಡಿದರು: "ಕೋಣೀ ಚಿಲಕಕ್ಕ ಯಾವ ಹುಡುಗನೂ ಕೈ ಹಚ್ಚಕೂಡದು. ಯಾರರೆ ತಗೀ ಅಂದ್ರೂ ತಗೀಬಾರದು. ಕಮಿಟಿಯ ಬರದ ಹುಕುಂ ಇರಬೇಕು. ತಿಳೀತೇನು?"

"ತಿಳೀತ್ರೀ" ಅಂದಿದ್ದರು ನಾಲ್ವರೂ.

ಒಂದು ವಾರದ ಮೇಲೆ ಮಧ್ಯಾಹ್ನ ನಾವು ನಾಲ್ಕೂ ಮಂದಿ ಹೇಳದೆ ಕೇಳದೆ ತಪಾಸಣೆಗೆ ಹೋದೆವು. ಕಾವಲುಗಾರ ರೇಶನ್ ತರಲು ಹೋಗಿದ್ದ. ತಲಬಾಗಿಲು ಹಾರು ಹೊಡೆದು ತೆರೆದೇ ಇತ್ತು. ಒಳಗೆ ಹೋಗಿ ನೋಡಿದರೆ ನಾಲ್ವರೂ ಬಾವಿಯ ಹತ್ತಿರ ನೀರು ಸೇದುತ್ತಿದ್ದರು. ಸದ್ಯ ಅಂದುಕೊಂಡೆವು. ಹಾಸಿಗೆ ಸ್ವಚ್ಛ ಇದೆಯೇ, ಕಿಡಕಿಯ ಕಬ್ಬಿಣದ ಸಳಿ ಗಟ್ಟಿ ಇವೆಯೇ ಅಂತ ನೋಡಲು ಹಿಂದಿನ ಕೋಣೆಗೆ ಹೋದೆವು. ಸಳಿ ಗಟ್ಟಿ ಇದ್ದವು. ವಕೀಲರು ಎರಡೂ ಕೈಯಿಂದ ಎಳೆದು ನೋಡಿ ಸಮಾಧಾನ ಪಟ್ಟರು. ಅಷ್ಟರಲ್ಲಿ ಒಂದು ಗಾಳಿ ಬೀಸಿ ಬಾಗಿಲು ಢಬ್ಬೆಂದು ಮುಚ್ಚಿ, ಹೊರಗಿನ ಚಿಲಕ ತಾನಾಗಿಯೇ ಬಿತ್ತು.

ಸಾವಕಾರರು ನೂಕಿದರು. ವಕೀಲರು ನೂಕಿದರು. ಇಬ್ಬರೂ ಕೂಡಿ ನೂಕಿದರು. ಬಾಗಿಲೂ ಗಟ್ಟಿ ಇತ್ತು. ಮನೆಯ ಬಂದೋಬಸ್ತಿನಲ್ಲಿ ಕೊರತೆ ಇಲ್ಲ ಅನ್ನುವುದು ನಮಗೆ ಚೆನ್ನಾಗಿ ಗೊತ್ತಾಯಿತು.

ಕಿಡಕಿಯಿಂದ ನೋಡಿದರೆ ತಲಬಾಗಿಲು ಇನ್ನೂ ತೆರೆದೇ ಇದೆ. ಆಚೆಗೆ ಓಣಿ, ಓಣಿಯ ಆಚೆಗೆ ಸ್ಟೇಷನ್ನಿನ ದಾರಿ. ಕಾವಲುಗಾರನಿಲ್ಲ. ಕಾವಲಿನವರೆಲ್ಲ ಒಳಗೆ, ಕಾಯಿಸಿಕೊಳ್ಳುವವರೆಲ್ಲ ಹೊರಗೆ. ನಾಲ್ವರು ಹುಡುಗರೂ ಕೊಡ ಕೆಳಗಿಟ್ಟು ಒಬ್ಬರ ಮುಖ ಒಬ್ಬರು ನೋಡಿದರು. ರಾವಸಾಹೇಬರು ಎರಡೂ ಕೈಯಿಂದ ಸಳಿ ಹಿಡಿದುಕೊಂಡರು. "ಹೋದ್ರು. ಈಗ ಹೋದ್ರು ನೋಡ್ರಿ" ಅಂತ ಪಿಸುಗುಟ್ಟಿದರು.

ಹುಡುಗರು ಹೋಗಲಿಲ್ಲ. ಅವರಲ್ಲಿ ದೊಡ್ಡವನು, ಹದಿಮೂರು ವರ್ಷದವನು, ಕಿಡಕಿಯ ಹತ್ತಿರ ಬಂದ.

"ಚಿಲಕ ಬಿದ್ದೈತ್ರೀ."

"ಗೊತ್ತದೋ, ಲಗೂನ ತಗಿ!"

"ಹೆಂಗ ತಗೀಬೇಕ್ರೀ? ಹುಡುಗರು ಕೈ ಹಚ್ಚಬಾರದು ಅಂತ ನೀವ ಹೇಳೀರಿ."

"ಈಗ ನಾನ ಹೇಳತೇನಲ್ಲೋ, ತಗೀ ಅಂತ!"

"ಯಾರರ ತಗೀ ಅಂದ್ರೂ ತಗೀಬಾರದು ಅಂದೀರಲ್ರೀ. ಬರದ ಹುಕುಂ ಬೇಕು."

"ಹುಡುಗ ಹೇಳೂದು ಕಾಯದೇ ಪ್ರಕಾರ ಸರಿ ಅದ" ಅಂದರು ವಕೀಲರು. ಅಂದವರೇ ಕಿಸೆಯಿಂದ ಕಾಗದ ಪೆನ್ಸಿಲು ತೆಗೆದು ಬರೆಯತೊಡಗಿದರು. ಬರೆದೇ ಬರೆದರು. "ಸದರಿ ಕೋಣೆಯಲ್ಲಿ ಅಕಸ್ಮಾತ್ತಾಗಿ ಪ್ರತಿಬಂಧಿತರಾದ" ಅಂತ ಶುರುವಾಗಿ ಅರ್ಧ ಪುಟ. ಸಳಿಯ ನಡುವಿನಿಂದ ಹೊರಗೆ ಕೊಟ್ಟರು.

ಹುಡುಗ ಕಾಗದ ಹಿಡಿದುಕೊಂಡು ಬಿಸಿಲಿಗೆ ನಿಂತ. ಉಳಿದ ಮೂವರೂ ಅವನ ಹೆಗಲ ಮೇಲಿಂದ ಇಣುಕಿದರು. ನಾನು ವಾರಕ್ಕೆರಡು ದಿನ ಹೋಗಿ ಅವರಿಗೆ ಅಕ್ಷರ ಕಲಿಸುತ್ತಿದ್ದೆ. ದೊಡ್ಡವನು ಮಾತ್ರ ಕಾಗುಣಿತ ಮುಗಿಸಿದ್ದ, ಒತ್ತಕ್ಷರ ಇನ್ನೂ ಶುರು ಆಗಿರಲಿಲ್ಲ.

"ಸ... ದ... ರಿ... ಕೋ... ಣೆ... ಯ..." ಅಂತ ಓದಿ ನಿಂತ. ತಲೆ ಕೆರೆದುಕೊಂಡ. "ಅಕ್ಕೋರ, ಇದರ ಕಾಲಾಗ ಏನೋ ಜೋತು ಬಿದ್ದೈತ್ರೀ."

"ಅದು ಒತ್ತು. ಅದನ್ನ ಬಿಟ್ಟು ಮುಂದ ಓದು."

"ಮುಂದಿನ ಶಬ್ದಕ್ಕೂ ಬಿದ್ದೈತ್ರೀ."

ಸಾವಕಾರರು ತಲೆಗೆ ಕೈ ಹಚ್ಚಿ ನೆಲದ ಮೇಲೆ ಕೂತರು. ನಾನು ವಕೀಲರ ಕೈಯಿಂದ ಪೆನ್ಸಿಲು ಕಸಿದುಕೊಂಡು, ಹೊಸ ಕಾಗದದ ಮೇಲೆ ದೊಡ್ಡ ದೊಡ್ಡ ಅಕ್ಷರದಲ್ಲಿ ಎರಡು ಶಬ್ದ ಬರೆದು ಹೊರಗೆ ಚಾಚಿದೆ.

"ಬಾ... ಗಿ... ಲು... ತೆ... ಗಿ." ಹುಡುಗನ ಮುಖ ಅರಳಿತು. "ಬಾಗಿಲು ತೆಗಿ! ಓದಿದೆ ನೋಡ್ರಿ ಅಕ್ಕೋರ!"

"ಶಾಣ್ಯಾ ನನ್ನ ಕೂಸು! ತಗಿ ಮತ್ತ!"

ಅವನು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಆಮೇಲೆ ಅದನ್ನು ಸಳಿಯ ಒಳಗೆ ವಾಪಸು ಕೊಟ್ಟು, ಬಹಳ ಮರ್ಯಾದೆಯಿಂದ ರಾವಸಾಹೇಬರಿಗೆ ಹೇಳಿದ: "ಸಹಿ ಇಲ್ರೀ."

ನಾಲ್ಕೂ ಮಂದಿ ಸಹಿ ಹಾಕಿದೆವು. ರಾವಸಾಹೇಬರು ತಾರೀಖನ್ನೂ ಹಾಕಿದರು. ಚಿಲಕ ಸರಿಯಿತು, ಬಾಗಿಲು ತೆರೆಯಿತು. ಹೊರಗೆ ಬಂದು ನಾನು ಮೊದಲು ಮಾಡಿದ ಕೆಲಸ ಹುಡುಗರನ್ನು ಎಣಿಸಿದ್ದು. ನಾಲ್ಕು. ಇನ್ನೊಮ್ಮೆ ಎಣಿಸಿದೆ. ನಾಲ್ಕೇ. ಕಣ್ಣು ತುಂಬಿ ಬಂತು, ನಗುವೂ ಬಂತು. ವಕೀಲರು ಅಂಗಳದ ಗಾಳಿಯನ್ನು ಎದೆ ತುಂಬ ಎಳೆದುಕೊಂಡರು. ಸಾವಕಾರರು ಹೋಗಿ ತಲಬಾಗಿಲನ್ನು ತಾವೇ ಮುಚ್ಚಿ ಬಂದರು.

ರಾವಸಾಹೇಬರು ಬಾವಿಯ ಕಟ್ಟೆಯ ಮೇಲೆ ಕೂತು, ಒಂದು ಚರಿಗೆ ನೀರು ಕುಡಿದು, ದೊಡ್ಡ ಹುಡುಗನನ್ನು ಹತ್ತಿರ ಕರೆದರು. ಅವರ ದನಿಯಲ್ಲಿ ಅಧ್ಯಕ್ಷರ ಗತ್ತು ಒಂದಿಷ್ಟೂ ಇರಲಿಲ್ಲ.

"ಖರೇ ಹೇಳು. ನಾನು ಸಿಟ್ಟಾಗೂದಿಲ್ಲ. ತಲಬಾಗಲಾ ತೆರದಿತ್ತು, ಕಾವಲು ಇದ್ದಿದ್ದಿಲ್ಲ. ನೀವು ನಾಲ್ಕೂ ಮಂದಿ ಯಾಕ ಓಡಿ ಹೋಗಲಿಲ್ಲ?"

ಹುಡುಗ ಇಂಥ ಪ್ರಶ್ನೆಯೂ ಉಂಟೇ ಅನ್ನುವ ಹಾಗೆ ಅವರ ಮುಖ ನೋಡಿದ.

"ಹೆಂಗ ಹೋಗಬೇಕ್ರೀ? ನೀವು ನಾಲ್ಕು ಮಂದಿ ಒಳಗ ಇದ್ರಿ. ನಿಮ್ಮನ್ನ ಕಾಯಾಕ ಯಾರರ ಬೇಕಲ್ರೀ!"